ಹನ್ನೆರಡು ಹೊಡೆಯದ ದಿನ

ಆಶ್‌ಬಿ ಫಾಲ್ಸ್
೯ ಮೇ ೧೯೧೧

ಪ್ರೀತಿಯ ಕೋರಾ ಅಕ್ಕ,

ನಿನ್ನ ಎರಡು ಕಾಗದಗಳೂ ಬಂದು ಮೇಜಿನ ಮೇಲೆ ಕೂತಿವೆ. ಉತ್ತರ ತಡವಾಯಿತು, ಬೇಸರಿಸಬೇಡ. ವಿನ್ನಿಯ ಸಮಾಧಿಗೆ ಕಲ್ಲು ನಿಲ್ಲಿಸಿದ್ದಾಯಿತೇ ಎಂದು ಕೇಳಿದ್ದೆ. ಇಲ್ಲ. ಲೂಥರ್ ಒಪ್ಪುತ್ತಿಲ್ಲ.

ಊರೆಲ್ಲ ಅವರನ್ನು ಹೊಗಳುತ್ತಿದೆ. ವಕೀಲಿಯಲ್ಲಿ ಗಿರಣಿ ಮಕ್ಕಳ ತುಂಡಾದ ಬೆರಳುಗಳನ್ನು ನೋಡಿ ನೋಡಿ ಶಾಸನಸಭೆಗೆ ನಿಂತವರಲ್ಲವೇ? ಮಕ್ಕಳನ್ನು ಗಿರಣಿಗೆ ಸೇರಿಸಬಾರದೆಂಬ ಅವರ ಮಸೂದೆ ಮಾರ್ಚಿನಲ್ಲಿ ಕೊನೆಗೂ ಕಾಯಿದೆಯಾಯಿತು. ಹೇಗೆಂದು ನಿನಗೆ ಬರೆದಿರಲಿಲ್ಲ. ಅಧಿವೇಶನ ಆ ದಿನ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯಬೇಕಿತ್ತು. ಕೆಲಸ ಉಳಿದರೆ ಸಭೆಯ ಗಡಿಯಾರವನ್ನೇ ನಿಲ್ಲಿಸಿಬಿಡುವುದು ಅಲ್ಲಿಯ ಹಳೆಯ ರೂಢಿ. ಲೂಥರ್ ತಾವೇ ಏಣಿ ಹತ್ತಿ ಮುಳ್ಳು ಹಿಡಿದರಂತೆ. "ಪ್ರೆಂಟಿಸ್ ಸಾಹೇಬ್ರೇ, ಹಂಗೇ ಸೂರ್ಯನ್ನೂ ಒಂಚೂರು ಹಿಡ್ಕೊಳ್ಳಿ" ಎಂದು ಯಾರೋ ಕೂಗಿದರಂತೆ.

ಮತ ಹಾಕುವ ಹೊತ್ತಿಗೆ ದೀಪ ಹಚ್ಚಿದ್ದರು. ಗಡಿಯಾರದಲ್ಲಿ ಮಾತ್ರ ಇನ್ನೂ ಹನ್ನೆರಡಾಗಿರಲಿಲ್ಲ. ನಾನು ಕಳಿಸಿದ ತಂತಿ ಆಗಲೇ ಅವರ ಜೇಬಿನಲ್ಲಿತ್ತು. ನಮ್ಮ ಮಗು ವಿನ್ನಿ ಗಂಟಲಮಾರಿಯಿಂದ ಪ್ರಾಣ ಬಿಟ್ಟದ್ದು ಅದೇ ಮಧ್ಯಾಹ್ನ ಎರಡಕ್ಕೆ.

ಈಗ ಗಿರಣಿಯವರು, ಮತ ಹಾಕಿದ್ದು ಅವಧಿ ಮುಗಿದ ಮೇಲೆ ಎಂದು ನ್ಯಾಯಾಲಯಕ್ಕೆ ಹೋಗಿದ್ದಾರೆ. ಕಾಯಿದೆ ಉಳಿಯಬೇಕಾದರೆ, ಮತ ಹಾಕಿದಾಗ ಹನ್ನೆರಡು ಹೊಡೆದಿರಲಿಲ್ಲವೆಂದು ಲೂಥರ್ ಪ್ರಮಾಣ ಮಾಡಬೇಕು. ಕಲ್ಲು ಬೇಡವೆಂದಾಗ, ಆ ಸುಳ್ಳಿಗಾಗಿ ಮನಸ್ಸು ಗಟ್ಟಿಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದೆ. ಆದರೆ ಊಟಕ್ಕೆ ಮೂರನೆಯ ತಟ್ಟೆ ಇಡುತ್ತಾರೆ. ಆಲೂಗಡ್ಡೆ ಹಿಸುಕಿ, ಅವಳಿಗೆಂದು ಬೆಣ್ಣೆ ಹಾಕುತ್ತಾರೆ.

"ಅವಳನ್ನ ಮಣ್ಣು ಮಾಡಿದೀವಿ ಲೂಥರ್. ನೀವೇ ಹೆಗಲು ಕೊಟ್ರಿ" ಎಂದೆ.

"ಎರಡು ಗಂಟೆಗೆ ಅಂತೀಯಲ್ಲ ಹೆಟ್ಟಿ, ಹನ್ನೆರಡೇ ಆಗ್ದೆ ಎರಡು ಹೆಂಗಾಗುತ್ತೆ?" ಎಂದರು, ಕಕ್ಷಿದಾರನಿಗೆ ತಿಳಿಹೇಳುವಷ್ಟು ಮೃದುವಾಗಿ.

ಹೊರಗೆ ಲೈಲಾಕ್ ಅರಳಿದೆ. ಆದರೆ ವಿನ್ನಿಯ ಕೋಣೆಯ ನೆಲದಲ್ಲಿ ಬಿಸಿಲು ಬೆಳಗಿನಿಂದ ಸಂಜೆಯವರೆಗೂ ಒಂದೇ ಹಲಗೆಯ ಮೇಲೆ ಬಿದ್ದಿರುತ್ತದೆ. ನನ್ನ ಕಣ್ಣಿನ ದೋಷವಿರಬೇಕು, ಅಕ್ಕ.

ನಿನ್ನ ಮಕ್ಕಳನ್ನು ದೇವರು ಚೆನ್ನಾಗಿಟ್ಟಿರಲಿ. ಎಲ್ಲರ ಹಣೆಗೂ ನನ್ನ ಮುತ್ತು.

ನಿನ್ನ ತಂಗಿ,
ಹೆಟ್ಟಿ

ಮರೆತಿದ್ದೆ: ನಿನ್ನೆ ಕಲ್ಲುಕುಟಿಗ ಸೈಲಸ್ ಬಂದಿದ್ದ. ಲೂಥರ್ ಮನೆಯಲ್ಲಿರಲಿಲ್ಲ. "ಅಮ್ಮಾವ್ರೇ, ನೀವೇ ತಾರೀಕು ಹೇಳ್ಬಿಡಿ, ಕೆತ್ತಿ ಮುಗಿಸ್ತೀನಿ" ಎಂದ. ಹೇಳಲು ಬಾಯಿ ತೆರೆದೆ. "ಮೆತ್ತಗೆ ಮಾತಾಡು ಸೈಲಸ್, ಮಹಡಿ ಮೇಲೆ ಮಗು ಮಲಗಿದೆ" ಎಂದೆ.