ಒಂದು ಗಂಟೆಗೆ ತಿರುಗಿ ಬಂದೆವು

ಆರಿಫಾ,

ಇವತ್ತು ಮತ್ತೆ ಕ್ಯಾಟ್ಸ್‌ಕಿಲ್ ಬೆಟ್ಟಸಾಲಿಗೆ ಹೋಗಿದ್ದೆ. ಎರಡು ಚಳಿಗಾಲಗಳ ಹಿಂದೆ ನೀನು ಜಾರಿಬಿದ್ದು ತೀರಿಕೊಂಡ ಅದೇ ಬೆಟ್ಟಕ್ಕೆ. ಜೊತೆಗೆ ಪಾರ್ಸಿಪನಿ ಊರಿನ ಸನ್ನಿಧಿ ಇದ್ದಳು. ನಿನಗೆ ಅವಳ ಪರಿಚಯವಿಲ್ಲ. ಇನ್ನೂ ಚಿಕ್ಕ ಹುಡುಗಿ, ನಿನ್ನ ಹಾಗೆಯೇ ಯಾವಾಗಲೂ ಮುಂದೆ ನಡೆಯುತ್ತಾಳೆ.

ನೀನೇ ಮಾಡಿದ್ದ, ನೀನೇ ಮುರಿದ ನಿಯಮವನ್ನು ಹೊರಡುವಾಗಲೇ ಹೇಳಿದ್ದೆ: ಎಲ್ಲಿದ್ದರೂ ಸರಿ, ಮಧ್ಯಾಹ್ನ ಒಂದಕ್ಕೆ ಹಿಂದಿರುಗಬೇಕು. ಒಂದಾದಾಗ ಬೆಟ್ಟದ ನೆತ್ತಿ ಕಾಣುತ್ತಿತ್ತು. ಮೇಲಿನ ಬಂಡೆಗಳ ತುಂಬ ಗಾಜಿನಂಥ ಮಂಜುಗಡ್ಡೆ. ಬೂಟಿಗೆ ಕಟ್ಟಿದ ಕಬ್ಬಿಣದ ಹಲ್ಲುಗಳೂ ಕಚ್ಚದೆ ಜಾರುತ್ತಿದ್ದವು. ಗಾಳಿ ಏಳುತ್ತಿತ್ತು.

"ಆಂಟಿ, ಇಲ್ಲೇ ಇದೆ ನೋಡಿ! ನೀವು ನಿಂತಿರಿ, ನಾನು ಟಚ್ ಮಾಡಿ ಬಂದ್ಬಿಡ್ತೀನಿ."

"ಬೇಡ."

"ಐ ವಿಲ್ ಬಿ ಫೈನ್! ನಿಮಗೆ ಭಯ ಅಂತ ನಾನೂ ವಾಪಸ್ ಬರ್ಬೇಕಾ?"

ಅವಳ ಬೆನ್ನುಚೀಲದ ಪಟ್ಟಿಯನ್ನು ಹಿಡಿದುಕೊಂಡೆ. ಕೊಸರಿದಳು, ಬೈದಳು, ಕೊನೆಗೆ ಅತ್ತಳು. ನಾನು ಬಿಡಲಿಲ್ಲ.

ಅವತ್ತು ನಿನಗೆ "ಹುಷಾರು ಕಣೇ" ಎಂದಷ್ಟೇ ಹೇಳಿ, ಫ್ಲಾಸ್ಕಿನ ಚಹಾ ಬಗ್ಗಿಸಿಕೊಂಡು ಕೂತಿದ್ದೆ. ನಿನ್ನ ಬೆನ್ನಿನ ಚೀಲವೂ ಕೈಗೆ ಎಟುಕುವಷ್ಟೇ ದೂರದಲ್ಲಿತ್ತು.

ಕಾರಿನಲ್ಲಿ ಸನ್ನಿಧಿಯನ್ನು ಅವಳ ಮನೆಗೆ ಕರೆತಂದೆ. ಮನೆಯ ಮುಂದೆ ಇಳಿದವಳು, "ಇನ್ಮೇಲೆ ನಿಮ್ಮ ಜೊತೆ ಎಲ್ಲಿಗೂ ಬರಲ್ಲ" ಎಂದಳು. ಆಯಿತು ಎಂದೆ. ಒಳಗೆ ಹೋಗಿ ಬಾಗಿಲನ್ನು ಧಡಾರನೆ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಮೇಲಿನ ಕೋಣೆಯಲ್ಲಿ ದೀಪ ಹತ್ತಿತು. ಅದನ್ನು ನೋಡುತ್ತ ಬಹಳ ಹೊತ್ತು ಕಾರಿನಲ್ಲೇ ಕೂತಿದ್ದೆ.