ಬರೆಸದೆ ಬಿಟ್ಟ ಮಡ್ಡಿ

ಅಗರಖೇಡ
೯ ನವೆಂಬರ್ ೨೦೨೫

ಚಿರಂಜೀವಿ ಸೌಭಾಗ್ಯವತಿ ಶೈಲಶ್ರೀಗೆ ಅವ್ವನ ಆಶೀರ್ವಾದ.

ದೀಪಾವಳಿಗೇ ಬರೆಯಬೇಕಿದ್ದ ಕಾಗದವಿದು. ಮೂರು ಸಲ ಬರೆದು ಹರಿದೆ. ಫೋನ್ ಮಾಡಬಹುದಿತ್ತು. ಆದರೆ ನನ್ನ ದನಿ ಕೇಳಿದ ಕೂಡಲೇ "ಅರಾಮ ಅದೀನಿ, ಇವರ ಕೂಡ ಮಾತಾಡು" ಎಂದು ಅಳಿಯಂದಿರ ಕೈಗೆ ಕೊಟ್ಟುಬಿಡುತ್ತೀ. ಹನ್ನೊಂದು ವರ್ಷದಿಂದ ಹೀಗೇ. ಕಾಗದವನ್ನಾದರೂ ನೀನೇ ಓದಬೇಕಲ್ಲ.

ಇಲ್ಲಿ ಬಿಳಿಜೋಳದ ಬಿತ್ತನೆ ಮುಗಿದಿದೆ. ನಿನ್ನ ಅಣ್ಣ ಸಿದ್ದಾರೂಢ, ಅವನ ಹೆಂಡತಿ, ಮಕ್ಕಳು ಚೆನ್ನಾಗಿದ್ದಾರೆ. ನನ್ನ ಮೊಣಕಾಲು ಮಾತ್ರ ಹೇಳಿದ್ದು ಕೇಳುವುದಿಲ್ಲ. "ಈ ಮನ್ಯಾಗ ನಿಮ್ಮ ಮಾತ ಕೇಳಲಾರದ್ದು ಅದೊಂದರಿ, ಅತ್ತಿ" ಎಂದು ಸೊಸೆ ನಗುತ್ತಾಳೆ. ನಗಲಿ. ಎಲ್ಲರಿಗೂ ಹೇಳಿ ಹೇಳಿ ಮಾಡಿಸಿ ನನಗೂ ಸಾಕಾಗಿದೆ.

ಅದಕ್ಕೇ ಮೃತ್ಯುಪತ್ರ ಮಾಡಿಸಿಬಿಡೋಣ ಎಂದುಕೊಂಡೆ. ಕಪ್ಪುಮಣ್ಣಿನ ಎರಿ ಹೊಲವೆಲ್ಲ ನಿನ್ನ ಅಣ್ಣನ ಹೆಸರಿಗೆ ಆಗಿದೆ, ನಿನಗೆ ಗೊತ್ತೇ ಇದೆ. ಉಳಿದದ್ದು ಊರ ಮೇಲಿನ ಏಳು ಎಕರೆ ಕಲ್ಲುಮಡ್ಡಿ, ಬಿತ್ತಲಾರದ ದಿಬ್ಬ. ಸುತ್ತಲಿನ ಮಡ್ಡಿಗಳನ್ನೆಲ್ಲ ರಸ್ತೆಗೆ ಹಾಕುವ ಗರಸಿಗಾಗಿ ಅಗೆದು ಲಾರಿಯಲ್ಲಿ ಒಯ್ದರು. ನಮ್ಮದರಲ್ಲಿ ಮಾತ್ರ ಹುಲ್ಲು ನಿಂತಿದೆ, ಚಿಗರಿಗಳು ಈಗಲೂ ಮೇಯಲು ಬರುತ್ತವೆ. ಚಿಕ್ಕವಳಿದ್ದಾಗ ನೀನು ಅವುಗಳ ಹಿಂದೆ ಓಡಿ, ಲಂಗದ ತುಂಬ ಹುಲ್ಲಿನ ಮುಳ್ಳು ಹಚ್ಚಿಕೊಂಡು ಬರುತ್ತಿದ್ದೆ. ಒಂದೊಂದೇ ಕೀಳುತ್ತ ನಾನು ಬೈಯುತ್ತಿದ್ದೆ.

ಹೋದ ವರ್ಷ ಪ್ರಿಯದರ್ಶಿನಿ ಎಂಬ ಹುಡುಗಿ ಬಂದಿದ್ದಳು, ಹುಲ್ಲುಗಾವಲು ಉಳಿಸುವ ಟ್ರಸ್ಟಿನವಳು. ಇಡೀ ದಿನ ಮಡ್ಡಿಯಲ್ಲಿ ಮಂಡಿಯೂರಿ ಏನೇನೋ ಬರೆದುಕೊಂಡಳು.

"ಅವ್ವಾರ, ಇಲ್ಲಿ ಎಂದೂ ನೇಗಿಲ ಹೂಡಿಲ್ಲೇನ್ರಿ?"

"ಕಲ್ಲಾಗ ಏನ್ ಹೂಡತಿ ತಂಗಿ?"

"ಅದಕ್ಕ ಉಳದೈತ್ರಿ. ಇಪ್ಪತ್ತಮೂರು ತರದ ಹುಲ್ಲು ಅದಾವ ಇದರಾಗ."

ಮದುವೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ, ನನಗೆ ಅದೆಲ್ಲ ಒಂದೇ ಹುಲ್ಲಾಗಿ ಕಂಡಿತ್ತು. ನನ್ನ ನಂತರ ಮಡ್ಡಿ ಆ ಟ್ರಸ್ಟಿಗೆ ಸೇರಲಿ, ಯಾರೂ ಉಳಬಾರದು, ಅಗೆಯಬಾರದು, ಬೀಜ ಉದುರಿದ ಮೇಲೆ ಊರವರು ಹುಲ್ಲು ಕೊಯ್ದುಕೊಳ್ಳಲಿ ಎಂದು ನಿಶ್ಚಯ ಮಾಡಿದೆ.

"ಚಿಗರಿಗೆ ಆಸ್ತಿ ಬರೀತಿ. ನಾಳೆ ನಿನಗ ಮಣ್ಣ ಕೊಡಾಕ ಅವ ಬರ್ತಾವೇನು?" ಎಂದ ನಿನ್ನ ಅಣ್ಣ.

"ನೀ ಬಂದರ ಸಾಕು" ಎಂದೆ. ರಸ್ತೆ ಬದಿಯ ಜಾಗ ಅವನಿಗೆ ಕೊಟ್ಟಾಗಲೇ ಮಡ್ಡಿಯಲ್ಲಿನ ತನ್ನ ಪಾಲನ್ನು ನನಗೆ ಬಿಟ್ಟು ಸಹಿ ಹಾಕಿದ್ದಾನೆ.

ಪತ್ರ ಮಾಡಿಸಲು ಇಂಡಿಗೆ ಹೋದೆ. ಪತ್ರ ಬರೆಯುವ ಜೈನುದ್ದೀನ ಮಡ್ಡಿಯ ಉತಾರದಲ್ಲಿ ಹಕ್ಕುದಾರರ ಹೆಸರು ನೋಡಿ ಕನ್ನಡಕ ಹಣೆಗೇರಿಸಿದ.

"ಇದರಾಗ ಶೈಲಶ್ರೀ ಅಂತ ಒಂದ ಹೆಸರ ಐತಲ್ರಿ ಅವ್ವಾರ, ಯಾರ್ರಿ?"

"ನನ್ನ ಮಗಳು. ಆಕಿ ಎಂದೋ ಹಕ್ಕ ಬಿಟ್ಟಾಳ."

"ಎರಿ ಹೊಲದ್ದು ಬಿಟ್ಟಾರ್ರಿ. ಮಡ್ಡಿ ಆ ಪತ್ರದಾಗ ಇಲ್ಲ."

ಆಗ ನೆನಪಾಯಿತು. ನಿನ್ನ ಹಕ್ಕು ಬಿಡಿಸುವ ಪತ್ರ ಬರೆಯುವಾಗ "ಮಡ್ಡಿನೂ ಹಾಕಲೇನ್ರಿ?" ಎಂದು ಕೇಳಿದ್ದರು. "ಅದೇನ್ ಹೊಲಾನ? ಬಿಡ್ರಿ" ಎಂದವಳು ನಾನೇ. ನಿನ್ನ ಅಪ್ಪ ತೀರಿದ ಮೇಲೆ ನಿನಗೆ ಬಂದ ಮೂರರಲ್ಲೊಂದು ಪಾಲು ಅಲ್ಲಿ ಹಾಗೇ ಉಳಿದಿದೆ.

"ಹಂಗಾರ ನನ್ನ ಪಾಲಷ್ಟ ಬರಿ" ಎಂದೆ.

"ಬರೀತೀನ್ರಿ. ಆದರ ನಿಮ್ಮ ಪಾಲು ಯಾವ ಕಡಿದು ಅಂತ ಚಿಗರಿಗೆ ಯಾರ್ ಹೇಳಬೇಕ್ರಿ?"

ನನಗೆ ನಗು ಬರಲಿಲ್ಲ. ನನ್ನ ಪಾಲಿನಷ್ಟಕ್ಕೆ ಮೃತ್ಯುಪತ್ರ ನೋಂದಾಯಿಸಿ ಬಂದೆ. ನಡುವೆ ಬೇರೆಯವರ ಪಾಲು ಇದ್ದರೆ ಮಡ್ಡಿಯನ್ನು ಕಾಯುವುದು ಕಷ್ಟ ಎಂದು ಪ್ರಿಯದರ್ಶಿನಿ ಹೇಳುತ್ತಾಳೆ. ಅವಳು ಹೇಳಬೇಕಾಗಿಲ್ಲ, ನನಗೂ ತಿಳಿಯುತ್ತದೆ. ನಿನ್ನ ಪಾಲನ್ನೂ ಟ್ರಸ್ಟಿಗೆ ಸೇರಿಸಲು ನಿನ್ನ ಸಹಿ ಬೇಕು.

ಹಿಂದಿನ ಸಲ, ಹನ್ನೊಂದು ವರ್ಷದ ಹಿಂದೆ, ನೀನು ಪೆನ್ನು ಹಿಡಿದು ಅಣ್ಣನ ಮುಖ ನೋಡಲಿಲ್ಲ, ನನ್ನ ಮುಖ ನೋಡಿದೆ. ನಾನು "ಹಾಕು" ಎಂದೆ. ಈ ಸಲ ಹಾಗೆ ಹೇಳುವುದಿಲ್ಲ. ನಿನ್ನ ಪಾಲು ನಿನ್ನದು. ಸೇರಿಸುವುದಾದರೆ ಸೇರಿಸು, ಇಲ್ಲವಾದರೆ ಮಾರು, ಅಗೆಸು. ನಾನು ಒಂದು ಮಾತೂ ಆಡುವುದಿಲ್ಲ. ಮಾತು ಆಡಿ ಗೆದ್ದು ನನಗೆ ದಕ್ಕಿದ್ದು ಏನೆಂದು ಈಗ ಕಾಣುತ್ತಿದೆ.

ನಿಮ್ಮ ತಂಗಡಗಿಯಲ್ಲಿ ಹೊಳೆಯ ಕಡೆಯಿಂದ ಬೀಸುವ ತಂಡಿಗೆ ನಿನಗೆ ಕೆಮ್ಮು ಏಳುತ್ತದೆ, ಕಿವಿಗೆ ಬಟ್ಟೆ ಕಟ್ಟಿಕೋ. ಅಳಿಯಂದಿರಿಗೂ ಮೊಮ್ಮಗಳು ಭಾಗ್ಯಜ್ಯೋತಿಗೂ ನನ್ನ ಆಶೀರ್ವಾದ. ನಿನ್ನ ಸಂಸಾರ ತಣ್ಣಗಿರಲಿ.

ನಿನ್ನ ಅವ್ವ,
ಚನ್ನವ್ವ

ತಾ. ಕ.: ನೀನು ಸಹಿ ಹಾಕಿದ ದಿನ ಉಡಿ ತುಂಬಿ ನಿನಗೆ ಉಡಿಸಿದ ಹಸಿರು ಇಳಕಲ್ ಸೀರೆಯನ್ನು ಹೊಸದಾಗಿ ಕೊಂಡದ್ದು ಎಂದಿದ್ದೆ. ಸುಳ್ಳು. ನನ್ನ ಅಪ್ಪ ತೀರಿದ ವರ್ಷ ತವರು ಆಲಮೇಲದಲ್ಲಿ ನನ್ನಿಂದಲೂ ಹಕ್ಕು ಬಿಡುವ ಪತ್ರಕ್ಕೆ ಸಹಿ ಹಾಕಿಸಿಕೊಂಡು ನನ್ನ ಅವ್ವ ಉಡಿಯಲ್ಲಿ ಇಟ್ಟ ಸೀರೆ ಅದು. ಅವತ್ತು ಬಸ್ಸಿನಲ್ಲಿ ಇಂಡಿಯವರೆಗೂ ಅತ್ತಿದ್ದೆ. ಇಪ್ಪತ್ತಾರು ವರ್ಷ ಅದನ್ನು ಟ್ರಂಕಿನಿಂದ ತೆಗೆದಿರಲಿಲ್ಲ. ತೆಗೆದದ್ದು ನಿನಗೆ ಉಡಿಸಲು. ಅದರ ಭಾರ ಗೊತ್ತಿದ್ದೂ ಉಡಿಸಿದೆ. ಸಹಿ ಹಾಕದಿದ್ದರೂ ಒಮ್ಮೆ ಬಾ. ಆ ಸೀರೆ ಇನ್ನೂ ಇದ್ದರೆ ತಂದು ನನಗೆ ಕೊಡು. ನಮ್ಮ ಭಾಗ್ಯಜ್ಯೋತಿಗೆ ಅದನ್ನು ಉಡಿಸಬೇಡ.