ಅತ್ತೆಯ ಕಣ್ಣಿಗೆ ಬಿದ್ದ ನೀಲಿ

ಭಾನುವಾರ, ಊಟವಾದ ಮೇಲೆ

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಬೈಯಬೇಡ. ಬರೆಯಲು ಕೂತಾಗಲೆಲ್ಲ ಕಥೆ ಇನ್ನೂ ಮುಗಿದಿಲ್ಲ ಅನ್ನಿಸಿ ಪೆನ್ನು ಮುಚ್ಚಿಡುತ್ತಿದ್ದೆ. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯ ಗೋಡೆ ತೆಳು, ಅತ್ತೆಯ ಕಿವಿ ಚುರುಕು. ಈಗ ಅವರು ಬಾಲ್ಕನಿಯಲ್ಲಿ ಕೂತು ಎದುರು ಮನೆಯವರು ಒಣಹಾಕಿದ ಬಟ್ಟೆಗಳನ್ನು ವಿಮರ್ಶೆ ಮಾಡುತ್ತಿದ್ದಾರೆ. ಅದು ಬೇಗ ಮುಗಿಯುವ ಕೆಲಸವಲ್ಲ, ಹಾಗಾಗಿ ನನಗೆ ಪುರಸೊತ್ತು.

ನಮ್ಮ ಹಾಲ್‌ನ ಗೋಡೆ ಬೋಳು ಬೋಳಾಗಿದೆ ಎಂದು ಬರೆದಿದ್ದಕ್ಕೆ ಸಲಹೆ ಕೊಟ್ಟವಳು ನೀನೇ. ಹೂದಾನಿ, ಕುದುರೆ, ಸೂರ್ಯಾಸ್ತ ಯಾವುದೂ ಬೇಡ, ನೀಲಿಯ ಅಮೂರ್ತ ಚಿತ್ರದ್ದೊಂದು ದೊಡ್ಡ ಪ್ರಿಂಟು ತಂದು ಹಾಕು, ಕೋಣೆ ತಂಪಾಗಿ, ಅಗಲವಾಗಿ ಕಾಣುತ್ತದೆ ಅಂದೆ. ದಿನವಿಡೀ ಮಕ್ಕಳ ಕೈಲಿ ಸಮುದ್ರಕ್ಕೆ ನೀಲಿ ಬಳಿಸುವ ಭೂಗೋಳದ ಟೀಚರಿಗೆ ನೀಲಿ ಆರಿಸುವುದು ಯಾವ ಮಹಾ ಕೆಲಸ ಅಂದುಕೊಂಡು ಹೊರಟೆ. ಅಂಗಡಿಯಲ್ಲಿ ಕಾಲಿಟ್ಟ ಮೇಲೆ ತಲೆ ತಿರುಗಿತು. ಅಕ್ಕ, ನೀಲಿ ಅನ್ನುವುದು ಒಂದು ಬಣ್ಣವಲ್ಲ, ಒಂದು ಕುಟುಂಬ. ಅಣ್ಣತಮ್ಮಂದಿರಿಗೆ ಒಬ್ಬರ ಮುಖ ಕಂಡರೆ ಒಬ್ಬರಿಗಾಗದು. ಟ್ಯೂಬ್‌ಲೈಟಿನಲ್ಲಿ ಚೆಂದ ಕಂಡದ್ದು ಬಾಗಿಲ ಬಳಿ ತಂದರೆ ಸೊರಗುತ್ತದೆ. ನಮ್ಮ ಕಂದು ಸೋಫಾದ ಮೇಲೆ ಹೇಗೆ ಕಂಡೀತು ಎಂದು ಕೇಳಿದರೆ, ಅಂಗಡಿಯಾಕೆ ನಕ್ಕು, ಸೋಫಾವನ್ನು ಇಲ್ಲಿಗೆ ತರೋದಕ್ಕಿಂತ ಚಿತ್ರ ಅಲ್ಲಿಗೆ ಒಯ್ಯೋದು ಸುಲಭ ಅಲ್ವಾ ಅಂದಳು. ಇಟ್ಟು ನೋಡಿ, ಹಿಡಿಸದಿದ್ದರೆ ವಾಪಸ್ ಕೊಡಿ ಎಂದು ನಂಬಿಕೆಯ ಮೇಲೆ ಎರಡು ಪ್ರಿಂಟು ಕಟ್ಟಿಕೊಟ್ಟಳು.

ಒಂದು ಕಡುನೀಲಿ, ನಡುವೆ ಮಸಿಯಂಥ ಪಟ್ಟೆಗಳು. ಇನ್ನೊಂದು ತೀರಾ ತೆಳು, ಬಿಳಿ ಕಾಗದದ ಮೇಲೆ ನೀರಿನಂಥ ನೀಲಿ ಹರಡಿ ಅಂಚಿನಲ್ಲಿ ಇಂಗಿಹೋದ ಹಾಗೆ. ನನಗೆ ಈ ತೆಳುವಿನ ಮೇಲೆ ಮನಸ್ಸು. ಬೆಳಿಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ. ಕಾಫಿ ಆರಿಹೋಗುವ ತನಕ ನೋಡುತ್ತ ಕೂತಿದ್ದೆ.

ಈಗ ಅತ್ತೆಯ ವಿಷಯ. ಅವರು ನಮ್ಮ ಮನೆಗೆ ಬಂದು ಒಂದು ವರ್ಷವಾಗುತ್ತ ಬಂತು. ಅದಕ್ಕೆ ಮುಂಚೆ ಬದುಕೆಲ್ಲ ದಾರ ಮತ್ತು ಗುಂಡಿ ಮಾರುವ ಅಂಗಡಿಯ ಗಲ್ಲಾದ ಹಿಂದೆ ನಿಂತವರು. ಯಾರಾದರೂ ಬಟ್ಟೆಯ ಚೂರು ಹಿಡಿದು ಬಂದರೆ ಒಮ್ಮೆ ನೋಡಿ, ಕೈ ಹಿಂದೆ ಚಾಚಿ, ಸರಿಯಾದ ಬಣ್ಣದ ದಾರದ ಉಂಡೆ ತೆಗೆದು ಮುಂದಿಡುತ್ತಿದ್ದರಂತೆ. ಆ ಬೀದಿಯ ದರ್ಜಿಗಳು ಅವರನ್ನು ಕರೆಯುತ್ತಿದ್ದದ್ದೇ ‘ಬಣ್ಣದ ಕೋರ್ಟು’ ಎಂದು. ಆ ತೀರ್ಪಿಗೆ ಮೇಲ್ಮನವಿ ಇಲ್ಲ. ಕಾಲುನೋವು, ನಿಲ್ಲಲಾಗುವುದಿಲ್ಲ ಎಂದು ಅಂಗಡಿ ಬಿಟ್ಟು ಬಂದರು. ನಾವೂ ನಂಬಿದೆವು.

ಕಡುನೀಲಿಯನ್ನು ಗೋಡೆಗೆ ಒರಗಿಸಿಟ್ಟಾಗ ಕೋರ್ಟು ಬಂದು ನಿಂತಿತು. “ಇದೇನೇ, ಕೆಸರಿಗೆ ಕಟ್ಟು ಹಾಕಿಸಿದ್ದೀಯಾ?” ಅಂದರು. ಸರಿ, ತೆಳುವನ್ನು ಇಟ್ಟೆ. ಅದರ ಮುಂದೆ ಬಹಳ ಹೊತ್ತು ನಿಂತು, “ಚಿತ್ರ ಬರೆಯೋಕೆ ಶುರು ಮಾಡಿದ ಮೇಲೆ ತಗೊಂಡು ಬಾ. ಬರೀ ಕಾಗದಕ್ಕೆ ಯಾರು ದುಡ್ಡು ಕೊಡ್ತಾರೆ?” ಅಂದರು.

ನನ್ನ ಸ್ವಭಾವ ನಿನಗೆ ಗೊತ್ತು. ನನಗೆ ಕೊಂಕು ತಡೆದುಕೊಳ್ಳಲಾಗುವುದಿಲ್ಲ. ಪರದೆಗೆ ಹೀಗೇ ಅಂದಿದ್ದರು, ಹೊದಿಕೆಗೆ ಹೀಗೇ ಅಂದಿದ್ದರು, ನಾನು ಶಾಲೆಗೆ ಉಟ್ಟುಕೊಳ್ಳುವ ಎಷ್ಟೋ ಬಟ್ಟೆಗಳಿಗೂ ಒಂದೊಂದು ಮಾತು ಇತ್ತು. ‘ಈ ಮನೆಯಲ್ಲಿ ನನಗೆ ಇಷ್ಟವಾದ ಒಂದು ಬಣ್ಣ ಗೋಡೆ ಹತ್ತುವ ಹಾಗಿಲ್ಲವೇ’ ಎಂದು ಇವರ ಮುಂದೆ ಹಾರಾಡಿದೆ. ಇವರೋ ರೈಲು ಓಡಿಸುವವರು, ಮನೆಯಲ್ಲಿರುವುದು ಕಡಿಮೆ, ಇದ್ದಾಗ ಹಳಿ ಬಿಟ್ಟು ಮಾತಾಡುವವರಲ್ಲ. “ನಿಂಗೆ ಬೇಕಾದ್ದು ಹಾಕ್ಕೋ, ಅಮ್ಮಂಗೆ ಬೇಕಾದ್ದು ಅವಳು ಅಂತಾಳೆ” ಎಂದು ಹಸಿರು ದೀಪ ತೋರಿಸಿ ಹೊರಟುಹೋದರು. ಅತ್ತೆಗೂ ನನಗೂ ಮಾತು ನಿಂತಿತು. ಉಪ್ಪಿನ ಡಬ್ಬಿ ಎಲ್ಲಿ ಅನ್ನುವಷ್ಟು ಮಾತ್ರ. ಪ್ರಿಂಟುಗಳೆರಡೂ ಗೋಡೆಗೆ ಮುಖಮಾಡಿ, ಶಿಕ್ಷೆಗೆ ನಿಲ್ಲಿಸಿದ ಮಕ್ಕಳ ಹಾಗೆ ನಿಂತಿದ್ದವು.

ಆಮೇಲೆ ಕೋಟಿನ ಪ್ರಸಂಗವಾಯಿತು. ಇವರ ಕೆಲಸದ ಕೋಟು ಕಡುನೀಲಿ. ಕಿತ್ತುಹೋದ ಗುಂಡಿಗಳನ್ನು ಅತ್ತೆಯೇ ಹಾಕಿಕೊಟ್ಟರು. ಸಂಜೆ ಇವರು ಬಂದವರೇ ಅಡುಗೆಮನೆಗೆ ಕರೆದು, ಕೋಟು ತೋರಿಸಿ, ದನಿ ತಗ್ಗಿಸಿದರು: “ಅಮ್ಮಂಗೆ ಹೇಳ್ಬೇಡ. ಎಲ್ಲರೂ ನಗಾಡಿದ್ರು.” ನೋಡಿದರೆ ಒಂದು ಗುಂಡಿ ಕಪ್ಪು ದಾರದಲ್ಲಿ, ಒಂದು ಕಡುಗಂದಿನಲ್ಲಿ, ಒಂದು ಪಾಚಿಯ ಹಸಿರಿನಲ್ಲಿ. ಹೊಲಿಗೆ ಮಾತ್ರ ಕಲ್ಲಿನ ಹಾಗೆ ಗಟ್ಟಿ.

ನನಗೆ ನಗು ಬರಲಿಲ್ಲ. ಸಿಟ್ಟಿಗೆ ಹೀಗೆ ಮಾಡಿದರೇ ಎಂದರೆ, ನನ್ನ ಮೇಲಿನ ಸಿಟ್ಟನ್ನು ಮಗನ ಕೋಟಿನ ಮೇಲೆ ತೀರಿಸುವವರಲ್ಲ. ಹಾಗಾದರೆ ಯಾಕೆ? ಚಿಕ್ಕಂದಿನಲ್ಲಿ ಎಲ್ಲದಕ್ಕೂ ಯಾಕೆ ಯಾಕೆ ಅನ್ನುತ್ತೇನೆಂದು ನೀನು ನನಗಿಟ್ಟ ಹೆಸರು ಸುಮ್ಮನೆ ಬಂದದ್ದಲ್ಲವಲ್ಲ. ಆ ಪ್ರಶ್ನೆ ತಲೆಯಲ್ಲಿ ಹುಳದ ಹಾಗೆ ಕೊರೆಯತೊಡಗಿತು. ಪರದೆ, ಹೊದಿಕೆ, ನನ್ನ ಬಟ್ಟೆ, ಈಗ ಈ ಪ್ರಿಂಟು, ಈ ಕೋಟು. ಒಂದೊಂದನ್ನೇ ನೆನೆಸಿಕೊಂಡೆ. ಎಲ್ಲ ನೀಲಿ. ಅತ್ತೆ ಕೆಂಪನ್ನು ಒಮ್ಮೆಯೂ ಬೈದಿರಲಿಲ್ಲ.

ಮರುದಿನ ಶಾಲೆಗೆ ರಜೆ. ತೆಳು ಪ್ರಿಂಟನ್ನು ಬಾಲ್ಕನಿಯ ಬೆಳಕಿಗೆ ತಂದಿಟ್ಟು, ಅವರ ಪಕ್ಕ ನೆಲದ ಮೇಲೆ ಕೂತೆ. “ಅತ್ತೆ, ಜಗಳಕ್ಕಲ್ಲ, ತಿಳ್ಕೊಳ್ಳೋಕೆ ಕೇಳ್ತಿದ್ದೀನಿ. ಇದರಲ್ಲಿ ನಿಮಗೆ ಏನು ಕಾಣ್ತಿದೆ, ಬೆರಳಲ್ಲಿ ತೋರಿಸಿ” ಅಂದೆ. ಮೊದಲು ಮುಖ ತಿರುಗಿಸಿದರು. ನಾನು ಏಳಲಿಲ್ಲ. ಕೊನೆಗೆ ಬೆರಳು ಚಾಚಿ, ನಡುವಿನ ಗಾಢ ಕಲೆಯ ಸುತ್ತ ಒಂದು ಗೆರೆ ಎಳೆದರು. “ಇಷ್ಟು. ಇಲ್ಲಿಗೆ ಮುಗೀತಲ್ಲ.”

ಮುಗಿದಿರಲಿಲ್ಲ ಅಕ್ಕ. ಅವರ ಬೆರಳು ನಿಂತ ಜಾಗದಿಂದ ಇನ್ನೂ ಒಂದು ಅಂಗೈಯಗಲ ನೀಲಿ ಹರಿದಿತ್ತು. ನಾನು ಅವರ ಕೈ ಹಿಡಿದು, ಮೆಲ್ಲಗೆ ಹೊರಗೆ, ಇನ್ನೂ ಹೊರಗೆ, ಅಂಚಿನ ತನಕ ಒಯ್ದೆ. ಅತ್ತೆ ನನ್ನ ಮುಖ ನೋಡಿದರು. “ಅಲ್ಲೀವರೆಗೂ ಇದ್ಯಾ?” ಎಂದು ಕೇಳಿದರು. ಆ ದನಿ ಕೋರ್ಟಿನದಲ್ಲ. ದಾರಿ ತಪ್ಪಿದವರು ಊರು ಯಾವುದೆಂದು ಕೇಳುವ ದನಿ.

ಆಮೇಲೆ ಎಲ್ಲ ಹೊರಗೆ ಬಂತು. ಕಾಲುನೋವು ನೆಪ. ಕೊನೆಕೊನೆಗೆ ಅಂಗಡಿಗೆ ದಾರ ವಾಪಸ್ ಬರತೊಡಗಿತ್ತಂತೆ. ಮೊದಲು ದರ್ಜಿಗಳನ್ನು ಬೈದರು, ದಾರ ಮಾಡುವವರನ್ನು ಬೈದರು. ಒಂದು ದಿನ ಒಬ್ಬ ಹಳೆಯ ದರ್ಜಿ ಬಾಯಲ್ಲಿ ಏನೂ ಅನ್ನದೆ ತಾನೇ ಒಳಗೆ ಕೈಹಾಕಿ ಬೇರೆ ಉಂಡೆ ತೆಗೆದುಕೊಂಡು ಹೋದನಂತೆ. ಆವತ್ತು ಸಂಜೆಯೇ ಬೀಗದ ಕೈ ಒಪ್ಪಿಸಿ ಬಂದರು. “ಕಣ್ಣು ಮಂಜಾಗಿದ್ರೆ ಡಾಕ್ಟರ ಹತ್ರ ಹೋಗ್ತಿದ್ದೆ ಕಣೇ. ಎಲ್ಲ ನೆಟ್ಟಗೆ ಕಾಣ್ತಿತ್ತು. ಬಣ್ಣ ಮಾತ್ರ ಸುಳ್ಳು ಹೇಳ್ತಿತ್ತು. ತಲೆಗೇ ಏನೋ ಆಗಿದೆ ಅಂತ ಹೆದರಿಕೊಂಡಿದ್ದೆ” ಅಂದರು. ಇಷ್ಟು ದಿನ ನಾನು ಕೊಂಕು ಅಂದುಕೊಂಡದ್ದು ಪಾಪ, ಕತ್ತಲಲ್ಲಿ ಧೈರ್ಯಕ್ಕೆ ಹಾಡಿಕೊಳ್ಳುವ ಹಾಡಾಗಿತ್ತು.

ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿ, ತಲೆಗೇನೂ ಆಗಿಲ್ಲ, ಪೊರೆ ಬಂದಿದೆ, ಅದು ಹಳದಿಗಟ್ಟಿ ನೀಲಿಯನ್ನು ಒಳಗೆ ಬಿಡುತ್ತಿಲ್ಲ ಎಂದರು. ಎರಡು ಕಣ್ಣಿನಲ್ಲೂ ಒಂದೇ ಸಮ ನಿಧಾನವಾಗಿ ಬಂದದ್ದರಿಂದ ಗೊತ್ತಾಗಲಿಲ್ಲವಂತೆ. ಹೊರಗೆ ಬಂದ ಮೇಲೆ ಅತ್ತೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಜೋರಾಗಿ ನಕ್ಕುಬಿಟ್ಟರು. ನಗುನಗುತ್ತಲೇ ಕಣ್ಣೊರೆಸಿಕೊಂಡರು.

ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ನೀನು ಇರಬೇಕಿತ್ತು. “ಯಾರೇ ಎಲ್ಲಕ್ಕೂ ನೀಲಿ ಹಾಕಿ ಒಗೆದಿರೋದು?” ಅಂದರು. ಮನೆಗೆ ಬಂದವರೇ ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಕೋಣೆ ಕೋಣೆ ಸುತ್ತಿದರು. ಹಳೆಯ ಕಣ್ಣಿಗೆ ಬೆಣ್ಣೆಯ ಬಣ್ಣದ ಗೋಡೆ, ಹೊಸ ಕಣ್ಣಿಗೆ ಸುಣ್ಣದ ಬಿಳಿ. ಪರದೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಕೋಟು ತರಿಸಿಕೊಂಡು ಗುಂಡಿಗಳನ್ನು ನೋಡಿ, “ಇದನ್ನ ಹಾಕ್ಕೊಂಡು ಹೋದ್ನಾ ನನ್ನ ಮಗ? ಒಂದು ಮಾತು ಹೇಳ್ಬಾರ್ದಾ?” ಎಂದು ಆ ಕ್ಷಣವೇ ಕಿತ್ತುಹಾಕಿದರು. ಆಮೇಲೆ ನನ್ನನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿ, ಎಡಗಣ್ಣು ಮುಚ್ಚಿಕೊಂಡು ದಿಟ್ಟಿಸಿದರು. “ಕಣ್ಣ ಕೆಳಗೆ ಇಷ್ಟು ಕಪ್ಪಾಗಿದೆಯಲ್ಲೇ. ನಿದ್ದೆ ಮಾಡ್ತೀಯೋ ಇಲ್ವೋ?” ನಾನು ಪಾತ್ರೆ ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ಕೊನೆಗೆ ತೆಳು ಪ್ರಿಂಟಿನ ಮುಂದೆ ಕುರ್ಚಿ ಹಾಕಿ ಕೂರಿಸಿದೆ. ಅಂಚಿನ ತನಕ ಬೆರಳಾಡಿಸಿದರು. ಎಲ್ಲ ಸರಿಯಾಗಿ ಮುಟ್ಟಿತು. ನಾನು ತೀರ್ಪಿಗೆ ಕಾಯುತ್ತಿದ್ದೆ. “ಈಗ ಚೆನ್ನಾಗಿ ಕಾಣ್ತಿದೆ ಬಿಡು” ಅಂದರು. “ಕಂಡರೂ ಚೆನ್ನಾಗಿಲ್ಲ.”

ಹೊಟ್ಟೆ ಹಿಡಿದುಕೊಂಡು ನಕ್ಕೆ. ಈಗಿನದು ಸಮಬಲದ ಜಗಳ, ಅಕ್ಕ. ಇದರಲ್ಲಿ ಬೇರೆಯೇ ರುಚಿ.

ಎರಡನ್ನೂ ಹಿಂದಿರುಗಿಸಲು ಇಬ್ಬರೂ ಅಂಗಡಿಗೆ ಹೋದೆವು. ಇಷ್ಟು ತಡವಾದದ್ದಕ್ಕೂ ಅಂಗಡಿಯಾಕೆ ಬೇಸರಪಟ್ಟುಕೊಳ್ಳಲಿಲ್ಲ, ಇದ್ದಬದ್ದ ನೀಲಿಯನ್ನೆಲ್ಲ ಹರಡಿದಳು. ಅತ್ತೆ ಒಂದರ ಮುಂದೆ ನಿಂತುಬಿಟ್ಟರು. ನೀಲಿಯ ಮೇಲೆ ನೀಲಿ, ಅದರ ಮೇಲೆ ಮತ್ತೊಂದು ನೀಲಿ. ಒಂದು ಕಡೆ ನೇರಳೆಗೆ ತಾಗಿ, ಇನ್ನೊಂದು ಕಡೆ ಹಸಿರಿಗೆ ಇಳಿದು ಹೋಗುವ ಅಗಲವಾದ ಚಿತ್ರ. “ನವಿಲುಗತ್ತು. ಶಾಯಿ. ಹೊಗೆ. ಮೋಡ. ಇದು ಆಕಾಶ, ಇದು ತೊಳೆದ ಆಕಾಶ” ಎಂದು ಒಂದೊಂದಕ್ಕೂ ತಮ್ಮ ದಾರದಂಗಡಿಯ ಹೆಸರು ಹೇಳುತ್ತ ಹೋದರು. ಬಹುದಿನ ಕಾಣದ ಬಂಧುಗಳನ್ನು ಬಾಗಿಲಲ್ಲಿ ನಿಂತು ಒಳಗೆ ಕರೆಯುವ ಹಾಗೆ. ನನಗೆ ಅದು ಸ್ವಲ್ಪ ಹೆಚ್ಚೇ ಗಿಜಿಗಿಜಿ ಅನ್ನಿಸಿತು, ಬಾಯಿ ಬಿಟ್ಟು ಹೇಳಿದೆ ಕೂಡ. ಆದರೂ ಅದನ್ನೇ ತಂದೆವು. ಇವರು ನೋಡಿ, ಇದು ಏನಮ್ಮ, ಸಮುದ್ರವಾ ಎಂದು ಕೇಳಿದ್ದಕ್ಕೆ, “ದಾರದ ಉಂಡೆ ಕೊಳ್ಳುವಾಗ ಇದು ಏನು ಅಂತ ಯಾರಾದ್ರೂ ಕೇಳ್ತಾರಾ? ನೀಲಿ ಕಣೋ, ನೀಲಿ” ಅಂದರು.

ಈಗ ಅದು ಗೋಡೆಯ ಮೇಲಿದೆ. ಕೋಣೆ ನೀನಂದಷ್ಟು ಅಗಲವಾಗಿಲ್ಲ, ತಂಪಂತೂ ಇದೆ. ಹೊಗೆ ಮತ್ತು ಮೋಡದ ನಡುವಿನ ವ್ಯತ್ಯಾಸ ನನಗಿನ್ನೂ ತಿಳಿದಿಲ್ಲ. ದಿನಾ ಸಂಜೆ ಪಾಠ ನಡೆಯುತ್ತಿದೆ, ಟೀಚರು ಬಲು ಕಟ್ಟುನಿಟ್ಟು. ಎಡಗಣ್ಣಿನ ಆಪರೇಷನ್ನೂ ಬೇಗ ಆಗಬೇಕು. ಭಾವನಿಗೆ ನಮಸ್ಕಾರ ಹೇಳು.

ನಿನ್ನ
ಯಾಕಮ್ಮ

ತಾ.ಕ.: ಹೋದ ಕಾಗದದ ಕೊನೆಯಲ್ಲಿ, ನಿಮ್ಮೂರಿನಲ್ಲಿ ವಯಸ್ಸಾದವರನ್ನು ಇಟ್ಟುಕೊಳ್ಳುವ ಆ ಮನೆಯ ವಿಷಯ ವಿಚಾರಿಸು ಎಂದು ಸಣ್ಣದಾಗಿ ಬರೆದಿದ್ದೆನಲ್ಲ. ವಿಚಾರಿಸಬೇಡ. ವಿಚಾರಿಸಿಯಾಗಿದ್ದರೆ ದಯವಿಟ್ಟು ಏನೂ ಬರೆದು ಕಳಿಸಬೇಡ. ಟಪಾಲು ಪೆಟ್ಟಿಗೆಯಿಂದ ಕಾಗದ ತರುವುದು ಈಗ ಅತ್ತೆಯೇ, ಅವರಿಗೆ ಎಷ್ಟು ಸಣ್ಣ ಅಕ್ಷರವಾದರೂ ಕಾಣುತ್ತದೆ.